ಕಾಣದ ವಸ್ತುವಿನ ಮಹಜರು

ಅರಸೀಕೆರೆ ಠಾಣೆಯ ರೈಟರ್ ನಾನು.
ಹತ್ತೊಂಬತ್ತು ವರ್ಷ ಬರೆದಿದ್ದೇನೆ:
ಕಳುವಾದ ಪಂಪ್‌ಸೆಟ್ಟು, ಎರಡೆಳೆ ಸರ, ಕೊಬ್ಬರಿ ಮೂಟೆ,
ಗೂಡ್ಸ್ ಶೆಡ್ಡಿನ ಹಿಂದೆ ಗುರುತು ಸಿಗದ ಹೆಣ.
ಎಲ್ಲಕ್ಕೂ ಒಂದೇ ನಮೂನೆ,
ಬಣ್ಣ, ಅಳತೆ, ಅಂದಾಜು ಬೆಲೆ, ಚಕ್ಕುಬಂದಿ,
ಕೆಳಗೆ ಇಬ್ಬರು ಪಂಚರ ಸಹಿ.

ಆ ಬುಧವಾರ ಬರೆಸಿದ್ದು ಬೇರೆ.
ಇರಿಡಿಯಂ. ಕಿರುಬೆರಳುದ್ದ ತಂತಿ,
ತುದಿಗೆ ಗುಲಗಂಜಿಗಿಂತ ಸಣ್ಣದೊಂದು ಗುಂಡು.
ಬಣ್ಣ? ಸ್ಟೀಲು. ವಾಸನೆ? ಇಲ್ಲ.
ಬೆಲೆ? ಕಂಪನಿ ಮ್ಯಾನೇಜರು ಕತ್ತು ಒರೆಸಿಕೊಂಡ.
ಏನು ಮಾಡುತ್ತದೆ ಮೇಡಂ ಅದು?
ಮುಂಬಯಿಯ ಮಂಡಳಿಯಿಂದ ಬಂದಿದ್ದ ಶಾರ್ವರಿ ಉಭಯಕರ
ಕಾಗದದಿಂದ ಕಣ್ಣೆತ್ತಲಿಲ್ಲ.
'ಏನೂ ಮಾಡುವುದಿಲ್ಲ. ಸುಮ್ಮನಿರುತ್ತದೆ.
ಪಕ್ಕದಲ್ಲಿದ್ದವನಿಗೆ ಆಗುತ್ತದೆ.'

ಬಾಣಾವರದ ರಸ್ತೆಯಾಚೆ ಪೈಪು ಹೂಳುತ್ತಿದ್ದರು.
ರಾತ್ರಿ ಹೊತ್ತು ಬೆಸುಗೆಯ ಫೋಟೋ ತೆಗೆಯುವುದು,
ಕಬ್ಬಿಣದ ಹೊಟ್ಟೆಯೊಳಗಿನ ಬಿರುಕು ಹುಡುಕುವುದು.
ತೆಗೆದಾದ ಮೇಲೆ ಗುಂಡು ಪೆಟ್ಟಿಗೆಗೆ ವಾಪಸು.
ಸೇರಿತೋ ಇಲ್ಲವೋ ಮೀಟರು ಹಿಡಿದು ನೋಡಬೇಕು.
ಮೀಟರಿನ ಸೆಲ್ಲು ಸತ್ತಿದ್ದು ಆಯುಧಪೂಜೆಯ ಆಸುಪಾಸಿಗೆ.
ಅದಕ್ಕೂ ಕುಂಕುಮ ಹಚ್ಚಿದ್ದರು, ಗುರುತಿನ್ನೂ ಇತ್ತು.

ಗುಂಡು ಸೇರಿರಲಿಲ್ಲ.
ಬೆಳಿಗ್ಗೆ ಕೊಳವೆ ಸುತ್ತುವಾಗ ಜಾರಿದ ತಂತಿಯನ್ನು
ಕೂಲಿಯ ಹುಡುಗ ಪರ್ವತೇಶ ಎತ್ತಿಕೊಂಡ,
ಬೀಗದ ಕೈಗೆ ಚೆನ್ನಾಗಿದೆ ಅಂತ
ಪ್ಯಾಂಟಿನ ಹಿಂಜೇಬಿಗೆ ಇಟ್ಟ.

ನಾವು ಹುಡುಕಿದೆವು. ಮುಂದೆ ಆಕೆ, ಕೈಯಲ್ಲಿ ಯಂತ್ರ,
ಹಿಂದೆ ನಾನು, ಕೈಯಲ್ಲಿ ಪ್ಯಾಡು.
ಕೊಬ್ಬರಿ ಮಾರ್ಕೆಟ್ಟು, ಬಸ್‌ಸ್ಟ್ಯಾಂಡು, ಪಂಕ್ಚರ್ ಅಂಗಡಿಗಳ ಸಾಲು.
ಯಂತ್ರ ಟಿಕ್, ಸ್ವಲ್ಪ ಹೊತ್ತು ಬಿಟ್ಟು ಟಿಕ್,
ಕೆಲಸವಿಲ್ಲದ ಕೋರ್ಟ್ ಟೈಪಿಸ್ಟಿನ ಹಾಗೆ.
ಮಾಲೇಕಲ್ಲು ಬೆಟ್ಟದ ಬುಡದ ತಗಡಿನ ಶೆಡ್ಡು ಬಂತು ನೋಡಿ,
ಹತ್ತು ಬೆರಳೂ ಒಟ್ಟಿಗೆ ಬಿದ್ದವು.
'ನಿಲ್ಲಿ,' ಅಂದರು. ನಿಂತೆವು.
ಬಾಗಿಲ ಸಂದಿಯಲ್ಲಿ ಕಂಡಿದ್ದಿಷ್ಟೇ:
ಮೊಳೆಯಲ್ಲಿ ತೂಗುವ ಬೀಗದ ಕೈ,
ಅದರ ಕೆಳಗೆ ಮಡಿಸಿಟ್ಟ ಹಾಸಿಗೆ.

ಉದ್ದ ಇಕ್ಕಳ, ಸೀಸದ ಮಡಕೆ.
ಒಬ್ಬರು ಒಳಗೆ, ಒಬ್ಬರು ಹೊರಗೆ ಸೆಕೆಂಡು ಎಣಿಸುತ್ತ.
ಇಪ್ಪತ್ತಾರಕ್ಕೆ ಮುಚ್ಚಳ ಬಿತ್ತು.
ಪಂಚರು ಸಹಿಗೆ ಒಪ್ಪಲಿಲ್ಲ.
'ನಾವೇನು ಕಂಡ್ವಿ ಸಾ? ಮಡಕೆ ಕಂಡ್ವಿ.'
ಮಡಕೆ ಎಂದೇ ಬರೆದೆ.

ಸಂಜೆ ಠಾಣೆಯಲ್ಲಿ ಕಂಪನಿಯ ರಿಜಿಸ್ಟರು ಬಿಚ್ಚಿದರು.
ಪ್ರತಿ ರಾತ್ರಿಯೂ ಮೀಟರು ನೋಡಿದ್ದಾರೆ,
ಪ್ರತಿ ರಾತ್ರಿಯೂ ಅದೇ ಅಂಕಿ, ಅದೇ ನೀಲಿ, ಅದೇ ಓರೆ.
ಆಕೆ ಹಾಳೆ ತಿರುವಿದರು. ಇವತ್ತಿನ ರಾತ್ರಿ, ಇನ್ನೂ ಆಗಿಲ್ಲ,
ತುಂಬಿದೆ. ನಾಳೆ, ತುಂಬಿದೆ.
ಭಾನುವಾರದ ಮೇಲೆ ಬೆರಳಿಟ್ಟು ಕೂತರು.
ಮ್ಯಾನೇಜರು ಫ್ಯಾನು ನೋಡಿದ.
ನಾನು ನೋಡಿದ್ದು ನನ್ನ ಕಪಾಟು.
ಅದರಲ್ಲಿತ್ತು ಗಸ್ತು ಪುಸ್ತಕ:
ರೈಲ್ವೆ ಗೇಟು, ರಾತ್ರಿ ಎರಡು ಗಂಟೆ, ಎಲ್ಲ ಶಾಂತ.
ಬರೆಯುವುದು ಸಂಜೆ ಆರಕ್ಕೆ, ಟೀ ಜೊತೆ.

ಪರ್ವತೇಶನ ತೊಡೆಯ ಮೇಲೆ ಮೂರು ಸಲ ಚರ್ಮ ಕೂರಿಸಿದರಂತೆ.
ಎರಡು ಸಲ ಕೂರಲಿಲ್ಲ.
ಲೈಸೆನ್ಸು ಅಮಾನತು ಎಂದು ಮಂಡಳಿಯ ಪತ್ರ ಬಂತು,
ಪ್ರತಿ ನಮಗೂ. ಫೈಲಿಗೆ ಹಾಕಿದೆ.
ಗುಂಡಿನ ಕಸುವು ಎಪ್ಪತ್ನಾಲ್ಕು ದಿನಕ್ಕೆ ಅರ್ಧವಾಗುತ್ತದೆ,
ಮತ್ತೆ ಎಪ್ಪತ್ನಾಲ್ಕಕ್ಕೆ ಅದರರ್ಧ, ಅಂದಿದ್ದರು ಆಕೆ.
ನಮ್ಮ ಹೆದರಿಕೆಗೆ ಅಷ್ಟು ದಿನ ಬೇಕಾಗಲಿಲ್ಲ.
ಹೊಸ ವರ್ಷಕ್ಕೆ ಪೈಪಿನವರು ಮತ್ತೆ ಬಂದರು,
ಸ್ವೀಟು ಕಳಿಸಿದರು.

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಸಂಜೆಯೇ ಸಹಿ ಹಾಕಿದ್ದ ಪುಸ್ತಕ ಕಂಕುಳಲ್ಲಿಟ್ಟುಕೊಂಡು
ಎರಡು ಗಂಟೆಗೆ ರೈಲ್ವೆ ಗೇಟಿಗೆ ನಡೆದೆ.
ಮಂಜು. ಕೆಂಪು ದೀಪ. ಮಫ್ಲರಿನೊಳಗಿಂದ ಗೇಟ್‌ಮನ್
ಗಾಬರಿಯಿಂದ ಎದ್ದು ನಿಂತ:
'ಏನ್ ಸಾ ಈ ಹೊತ್ನಲ್ಲಿ?
ಯಾರ್ ಹೋದ್ರು?'